ಸೋನಿ ತಲಿ ತಗ್ಗಿಸಿದ್ದು

ಎಂಟು ದಿನ ಅಂತ ಬರಕೋರಿ ಡಾಕ್ಟರಬಾಯಿ. ಹೇಳಿದ್ನಲ್ಲ... ಎಂಟು ದಿನದಿಂದ ಸೋನಿಗಿ ಆರಾಮಿಲ್ಲ, ಗೋಡಿಗಿ ಹಾಯ್ಲಾಕತ್ತದ. ಹಾಲಿನ ಬಟ್ಲಾ ಎದುರಿಗೇ ಇಟ್ರೂ ಕಾಣಂಗಿಲ್ಲ. ಬೆಕ್ಕಿಗಿ ಹದಿನಾಕು ವರ್ಷ. ನಮ್ಮೂರು ಭಾತಂಬ್ರಾದಿಂದ ಬುಟ್ಟಿದಾಗ ಹಾಕ್ಕೊಂಡು, ಭಾಲ್ಕಿದಾಗ ಬಸ್ ಬದಲಿ ಮಾಡಿ ಬೀದರಕ ಬಂದೀನಿ. ದಾರಿ ತುಂಬಾ ಒಂದು ಸಪ್ಪಳ ಮಾಡ್ಲಿಲ್ಲ.

ಏನಂದ್ರಿ? ಸ್ಕ್ಯಾನಿಂಗದಾಗ ಕಾಣ್ತು... ಕಿಡ್ನಿ ಬಾಜೂಕ ಗ್ರಂಥಿ, ಅದರಾಗ ಗಂಟು. ಅದರಿಂದ ಬಿಪಿ ಏರಿ ಕಣ್ಣು ಹೋದ್ವು. ಬೆಕ್ಕಿಗೂ ಬಿಪಿ ಬರ್ತದೇನ್ರಿ? ಇಲ್ರಿ, ನಗಲಾಕತ್ತಿಲ್ಲ ನಾ. ನನಗ ನಗೂ ಬರವಲ್ದು, ಅಳೂ ಬರವಲ್ದು.

ಕುತ್ತಿಗಿ? ಹಾಂ, ಬಾಗ್ಯಾದ. ಗದ್ದ ಎದಿಗಿ ಹತ್ತತದ. ಅದು ರೋಗಲ್ರಿ, ದುಃಖ. ನಮ್ಮನಿಯವರು ತೀರಕೊಂಡ ಮ್ಯಾಲ ಅವರ ಫೋಟೋದ ಮುಂದ ಕುಂತು ತಲಿ ತಗ್ಗಸ್ತದ. ಓಣಿ ಮಂದಿ ನೋಡ್ಲಾಕ ಬಂದ್ರು. ಜನಾಬಾಯಿ, ನಿನ್ನ ಬೆಕ್ಕು ನಿನ್ನ ಗಂಡ ಧೊಂಡಿಬಾಗ ನಮಸ್ಕಾರ ಮಾಡ್ತದ ನೋಡು ಅಂದ್ರು. ಅದರ ಹಣಿಗಿ ಭಂಡಾರ ಹಚ್ಚಿದ್ರು. ನಮ್ಮಣ್ಣನ ಮಗ ಸುಮಿತ ಮೊಬೈಲದಾಗ ವಿಡಿಯೋ ಮಾಡ್ಯಾನ. ತಗೋರಿ, ನೋಡ್ರಿ.

ಪೊಟ್ಯಾಶಿಯಂ? ರಕ್ತದಾಗ ಅದು ಕಮ್ಮಿ ಆದ್ರ ಕುತ್ತಿಗಿ ಎತ್ಲಾಕ ಬರಂಗಿಲ್ಲ... ಅದೂ ಗಂಟಿನಿಂದೇ?

ಹಂಗಾರ ಅದು ದುಃಖ ಮಾಡ್ತಿರಲಿಲ್ಲ.

ಹ್ಞೂಂ.

ವಿಡಿಯೋ ಮುಗೀತಲ್ಲ, ಮೊಬೈಲ್ ಕೊಡ್ರಿ. ಇನ್ನೇನು ನೋಡ್ತೀರಿ ಅದರಾಗ... ತಾರೀಖಾ.

ಅದು ತಲಿ ತಗ್ಗಿಸಿ ಐದು ತಿಂಗಳಾತ್ರಿ. ಎಂಟು ದಿನದಿಂದಷ್ಟೇ ಆರಾಮಿಲ್ಲ ಅಂದಿದ್ದು ಸುಳ್ಳು. ಸುಮಿತ ಆವತ್ತೇ ಅಂದಿದ್ದ, ಅತ್ತಿ, ಇದಕ್ಕ ಆರಾಮಿಲ್ಲ, ದವಾಖಾನಿಗಿ ಒಯ್ಯೋಣ ಅಂತ. ನಾ ಬ್ಯಾಡ ಅಂದೆ. ನಮ್ಮನಿಯವರಿಗಿ ಮಣ್ಣು ಮಾಡಿದ ದಿನ ನನ್ನ ಕಣ್ಣಾಗ ಒಂದು ಹನಿ ನೀರು ಬರಲಿಲ್ರಿ. ಮೂವತ್ತೆಂಟು ವರ್ಷ ಬಾಳೇವು ಮಾಡಿ... ಮಂದಿ ಎಲ್ಲಾ ನನ್ನ ಮಾರಿನೇ ನೋಡ್ತಿದ್ರು. ಆಮ್ಯಾಲ ಸೋನಿ ತಲಿ ತಗ್ಗಿಸ್ತು. ಮಂದಿ ನನ್ನ ನೋಡೋದು ಬಿಟ್ಟು ಅದಕ್ಕ ನೋಡ್ಲಾಕ ಹತ್ತಿದ್ರು. ಅದಕ್ಕ ಔಷಧ ಹಾಕಿ, ಅದು ತಲಿ ಎತ್ತಿದ್ರ... ನಮ್ಮ ಮನ್ಯಾಗ ಅವರ ಸಲುವಾಗಿ ದುಃಖ ಮಾಡವರು ಯಾರಿರ್ತಿದ್ರು, ಹೇಳ್ರಿ?

ಆವಾಗೇ ತಂದಿದ್ರ ಕಣ್ಣು ಉಳೀತಿದ್ವೇನ್ರಿ?

ಪೆನ್ನು ಕೆಳಗ ಇಡಬ್ಯಾಡ್ರಿ, ಡಾಕ್ಟರಬಾಯಿ.

ಆತು. ಎಂಟು ದಿನ ಹೊಡದು ಹಾಕಿ, ಐದು ತಿಂಗಳು ಅಂತ ಬರಕೋರಿ.