ಅಗಳಿನ ಮೇಲೆ ಹಲಗೆ ಹಾಕಲು ಬಿಡದ ಬಗ್ಗೆ

ಹುಚ್ಚಣ್ಣ ಬಿನ್ ಲೇಟ್ ಗಂಗಯ್ಯ, ವಯಸ್ಸು 27 ವರ್ಷ, ಸೈಕಲ್ ಪಂಕ್ಚರ್ ಹಾಕುವ ಕೆಲಸ, ವಾಸ ಬಿಳಿಗೆರೆ ಪಕ್ಕದ ತೋಟದ ಮನೆ, ತಿಪಟೂರು ತಾಲ್ಲೂಕು, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ:

ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎರಡೂ ಕಾಲುಗಳಲ್ಲಿ ಶಕ್ತಿ ಇಲ್ಲ. ಬೇರಿಂಗ್ ಹಾಕಿದ ಮಣೆಯ ಮೇಲೆ ಕುಳಿತು, ಕೈಯಿಂದ ನೆಲ ತಳ್ಳಿಕೊಂಡು ಓಡಾಡುತ್ತೇನೆ. ಮನೆಯಲ್ಲಿ ನಾನು ಮತ್ತು ನನ್ನ ತಾಯಿ ಹೊಂಬಾಳಮ್ಮ ಇಬ್ಬರೇ. ಬಸ್ ನಿಲ್ಲುವ ಗೇಟಿನಲ್ಲಿ ನನ್ನ ಅಂಗಡಿ, ಮನೆಯಿಂದ ಎರಡು ಫರ್ಲಾಂಗ್. ಅಲ್ಲಿಗೆ ನನ್ನ ಚಿಕ್ಕಪ್ಪ ಚಿಕ್ಕರಂಗಯ್ಯನವರ ಹೊಲದ ಅಂಚಿನಲ್ಲೇ ಹೋಗಬೇಕು. ಬೇರೆ ದಾರಿ ಇಲ್ಲ.

ಆ ಅಂಚಿನಲ್ಲಿ ಅಗಳು ತೋಡುತ್ತಿದ್ದಾರೆಂದು ನನಗೆ ಮೊದಲು ಹೇಳಿದವರು ನನ್ನ ತಾಯಿ, ದಿನಾಂಕ 4-7-1983ರ ಸೋಮವಾರ ಬೆಳಿಗ್ಗೆ. ನಮ್ಮ ತೆಂಗಿನ ಬೇರು ತಮ್ಮ ರಾಗಿಯ ಸಾರ ಹೀರುತ್ತದೆಂದು ಚಿಕ್ಕಪ್ಪ ಗಡಿಯುದ್ದಕ್ಕೂ ಎರಡೂವರೆ ಅಡಿ ಅಗಲ, ಮೂರಡಿ ಆಳ ತೋಡಿಸಿದರು. ಬೇರು ಹೋಗುವುದು ನಿಜ. ನಮ್ಮ ಕಡೆ ಎಲ್ಲರೂ ಹೀಗೆ ತೋಡಿಸುತ್ತಾರೆ. ಅಗಳಿಗೆ ನಾನು ಅಡ್ಡಿ ಹೇಳಲಿಲ್ಲ. ತಾಯಿ ಅದರ ಮೇಲೆ ಹಾಕಿದ ಹಲಗೆಯನ್ನು ಮಾತ್ರ ಚಿಕ್ಕಪ್ಪ ತೆಗೆದು ನಮ್ಮ ಕಡೆಗೆ ಒರಗಿಸಿದರು. “ನಿನ್ ಮ್ಯಾಲೆ ನಂಗೇನ್ಲಾ ದ್ವೇಷ? ಇವತ್ತು ಹಲಗೆ ಅಂತೀಯ, ನಾಳೆ ದಾರಿ ಅಂತೀಯ, ನಾಡಿದ್ದು ಎತ್ತಿನ ಗಾಡಿ ಹೊಡೀತೀಯ. ನೆಗೆದು ಹೋಗೋರು ಯಾರೂ ದಾರಿ ಹಕ್ಕು ಕೇಳಕಿಲ್ಲ ಕಣಪ್ಪ” ಎಂದರು.

ಮಂಗಳವಾರ ಸಂಜೆ ಊರ ಹಿರಿಯರು ಅಗಳಿನ ಬಳಿಯೇ ನ್ಯಾಯ ಸೇರಿದರು. ಶಂಭುಲಿಂಗಯ್ಯನವರು ಪಂಚೆ ಎತ್ತಿಕೊಂಡು ನೆಗೆದು, ಇದೇನು ಮಹಾ ಅಗಲವಲ್ಲವೆಂದರು. ಉಳಿದವರೂ ಒಬ್ಬೊಬ್ಬರಾಗಿ ನೆಗೆದು ನೋಡಿದರು. ಎಪ್ಪತ್ತು ದಾಟಿದ ಕೆಂಪಕ್ಕ ಕೂಡ ಸೀರೆ ಎತ್ತಿ ಕಟ್ಟಿ ನೆಗೆದಾಗ ಎಲ್ಲರೂ ನಕ್ಕರು. ನನಗೂ ನಗು ಬಂತು. “ನೆಗೆಯಾದ್ರಲ್ಲಿ ನೀವೇ ಗೆದ್ರಿ ಕಣಜ್ಜಿ, ನಂಗೊಂದು ಹಲಗೆ ಕೊಡ್ಸಿ” ಎಂದು ಕೇಳಿದೆ. ಒಂದು ಕಡೆ ಹಲಗೆ ಹಾಕಿಸಿದರೆ ಊರಿನ ಪ್ರತಿ ಹೊಲದಲ್ಲೂ ದಾರಿ ಜಗಳ ಏಳುತ್ತದೆಂದು ಹೇಳಿ, ಅದರ ಬದಲು ಬೆಳಿಗ್ಗೆ ಸಂಜೆ ಸರದಿಯ ಮೇಲೆ ತಾವೇ ನನ್ನನ್ನು ಎತ್ತಿ ದಾಟಿಸುವುದಾಗಿ ತೀರ್ಮಾನಿಸಿದರು. ಹಲಗೆ ಹಾಕುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡರು.

ಬುಧವಾರ ನಾಲ್ವರು ಬಂದು ಹೆಗಲ ಮೇಲೆ ಅಡ್ಡೆ ದೇವರನ್ನು ಹೊರುವಂತೆ ನನ್ನನ್ನು ಹೊತ್ತರು. ಶುಕ್ರವಾರ ಇಬ್ಬರು ಬಂದರು. ಅವರಲ್ಲೊಬ್ಬರು “ಮುದ್ದೆ ಕಮ್ಮಿ ಉಣ್ಣೋ ಹುಚ್ಚಣ್ಣ, ಸೊಂಟ ಹೋಯ್ತು” ಎಂದರು. ತಮಾಷೆಗೆ ಅಂದದ್ದು. ಆದರೂ ಅಂದಿನಿಂದ ನಾನು ರಾತ್ರಿ ಉಣ್ಣುವುದನ್ನು ಬಿಟ್ಟೆ. ಸೋಮವಾರ ಬಿತ್ತನೆಯ ಹದವಾದ್ದರಿಂದ ಯಾರೂ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಸರದಿಯಂತೆ ಕಾಡಸಿದ್ದಪ್ಪನವರು ಒಬ್ಬರೇ ಬಂದು ದಾಟಿಸಿ ಹೋದರು. ಸಂಜೆ ಆರೂವರೆಗೆ ನಾನು ಆಚೆ ಅಂಚಿಗೆ ಬಂದು ಕೂಗಿದೆ. ಯಾರೂ ಬರಲಿಲ್ಲ. ತಾಯಿ ಹಲಗೆ ತಂದರು. ಊರವರಿಗೆ ಕೊಟ್ಟ ಮಾತು ತಪ್ಪಿದರೆ ನಾಳೆಯಿಂದ ಒಬ್ಬರೂ ಬರುವುದಿಲ್ಲವೆಂದು ನಾನೇ ಬೇಡವೆಂದೆ. ತಾಯಿ ಅಗಳಿಗೆ ಇಳಿದು, “ಬಾ ಮಗ, ಚಿಕ್ಕೋನಾಗಿದ್ದಾಗ ಹೊತ್ತಿಲ್ವಾ” ಎಂದು ಬೆನ್ನು ಕೊಟ್ಟರು. ನನ್ನನ್ನು ಹೊತ್ತು ಈಚೆ ಹತ್ತುವಾಗ ಅಂಚಿನ ಮಣ್ಣು ಕುಸಿದು ಇಬ್ಬರೂ ಬಿದ್ದೆವು. ಅವರ ಬಲಗೈ ಮುರಿಯಿತು.

ಕೂಗು ಕೇಳಿ ಹಿರಿಯರು ಓಡಿ ಬಂದು ಇಬ್ಬರನ್ನೂ ಮನೆ ಸೇರಿಸಿದರು. ನಡೆದದ್ದನ್ನೆಲ್ಲ ಹೇಳಿದೆ. ಕೆಂಪಕ್ಕ ಅತ್ತರು. ಈ ದಿನ ಬೆಳಿಗ್ಗೆ ಸುದ್ದಿ ಕೇಳಿದವರೆಲ್ಲ ಬಂದು, ತಾಯಿಯನ್ನು ಮಂಚದ ಸಮೇತ ಎತ್ತಿ, ಅಗಳು ದಾಟಿಸಿ ತಿಪಟೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚಿಕ್ಕಪ್ಪನವರೂ ಹೆಗಲು ಕೊಟ್ಟರು. ನಾನೂ ಬರುತ್ತೇನೆಂದು ಕೇಳಿದ್ದಕ್ಕೆ, ನಿನ್ನನ್ನೂ ಹೊರುವವರು ಯಾರು ಎಂದು ಹೇಳಿ ಹೋದರು.

ಆಸ್ಪತ್ರೆಯಿಂದ ತಿಳಿಸಿದ ಮೇರೆಗೆ ದಫೇದಾರರು ಮಧ್ಯಾಹ್ನ ಅಗಳು ನೆಗೆದು ಬಂದು ನಮ್ಮ ಜಗಲಿಯ ಮೇಲೆ ಇದನ್ನು ಬರೆದುಕೊಂಡಿರುತ್ತಾರೆ. ಚಿಕ್ಕಪ್ಪನವರ ಮೇಲೆ ಕೇಸು ಬೇಡ, ಹಲಗೆ ಬೇಕು ಎಂದು ಕೇಳಿದ್ದೇನೆ. ದಾರಿ ವಿಷಯ ಪೊಲೀಸರಿಗೆ ಬರುವುದಿಲ್ಲ ಎಂದರು. ಹಾಗಾದರೆ ಹೋಗುವಾಗ ನನ್ನನ್ನು ಆಚೆ ದಾಟಿಸಿ, ತಾಯಿಯನ್ನು ನೋಡಬೇಕು ಎಂದೆ. ಸಂಜೆ ಈಚೆ ದಾಟಿಸುವವರು ಯಾರು ಎಂದು ಅವರು ಕೇಳಿದರು.

ನಾನು ಹೇಳಿದ್ದನ್ನೇ ಬರೆದಿದ್ದಾರೆ. ಓದಿಸಿ ಕೇಳಿದೆ, ಸತ್ಯವಾಗಿದೆ.

ಸ್ಥಳ: ತೋಟದ ಮನೆ, ಅಗಳಿನ ಈಚೆ
ದಿನಾಂಕ: 13-7-1983
(ಸಹಿ) ಹುಚ್ಚಣ್ಣ