ಊಟದ ಹೊತ್ತಿನ ಪುಸ್ತಕ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಒಂದೇ ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಇಬ್ಬರು ನಿಂತಿದ್ದರು. ಕಿರಿಯವನಿಗೂ ನಲವತ್ತು ದಾಟಿರಬೇಕು. ಅವನ ಕಂಕುಳಲ್ಲಿ ಉತ್ಪಾದನಾ ಎಂಜಿನಿಯರಿಂಗಿನ ದಪ್ಪ ಪುಸ್ತಕವಿತ್ತು.

"ಮಾಸ್ಟರ್ ಡಿಗ್ರಿ ಎಲ್ಲೀತನಕ ಬಂತು, ಪಂಡಿತ?" ಎಂದ ಹಿರಿಯ.

"ಇನ್ನೊಂದು ವರ್ಷ ಅಣ್ಣ. ಸಂಜೆ ಕ್ಲಾಸಿಗೆ ಹೋದ್ರೆ ಹುಡುಗರೆಲ್ಲ ಎದ್ದು ನಿಲ್ತಾರೆ, ಮೇಷ್ಟ್ರು ಬಂದ್ರು ಅಂತ."

"ಪುಣ್ಯವಂತ ಬಿಡು. ನಮ್ಮನ್ನ ನೋಡಿ ನಾಯೀನೂ ಏಳಲ್ಲ."

"ಎದ್ದೇನೋ ನಿಲ್ತಾರೆ, ಆಮೇಲೆ ನನ್ನ ಬೆಂಚಲ್ಲಿ ಯಾರೂ ಕೂರಲ್ಲ."

ಹಿರಿಯ ನಕ್ಕ. ಕಿರಿಯ ನಗಲಿಲ್ಲ.

"ಒಂದ್ಮಾತು ಕೇಳ್ಲಾ ಅಣ್ಣ? ಮೊದಲೆಲ್ಲ ಲೇತ್ ನಿಲ್ಲಿಸಿದ ಕೂಡ್ಲೆ ಊಟಕ್ಕೆ ಕರೀತಿದ್ರಿ. ಈಗ ಯಾಕೆ ಯಾರೂ ಕರೆಯಲ್ಲ?"

"ನೀನು ಪುಸ್ತಕ ಬಿಚ್ಕೊಂಡು ಕೂತಿರ್ತೀಯಲ್ಲೋ. ಓದೋನಿಗೆ ಯಾಕೆ ತೊಂದ್ರೆ ಅಂತ ನಾವೇ ದೂರ ಕೂತ್ಕೋತೀವಿ."

"ನೀವು ಯಾರೂ ಬರಲ್ಲ ಅಂತಾನೇ ನಾನು ಪುಸ್ತಕ ಬಿಚ್ಚೋದು."

ಹಿರಿಯ ಬುತ್ತಿಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನಾಳೆ ಬಾರೋ. ಪಕ್ಕದಲ್ಲೇ ಜಾಗ ಹಿಡಿದಿರ್ತೀನಿ."

"ನಾಳೆಯಿಂದ ಒಂದು ವಾರ ಪರೀಕ್ಷೆ, ರಜ ಹಾಕಿದೀನಿ."

"ಮುಗಿಸ್ಕೊಂಡು ಬಾ. ಮುಂದಿನ ವಾರ ಕೂರೋಣ."

"ಈ ಶನಿವಾರಕ್ಕೆ ನೀವು ರಿಟೈರ್ ಆಗ್ತೀರಲ್ಲ, ಅಣ್ಣ."

"ಹೌದಲ್ವಾ," ಎಂದ ಹಿರಿಯ. "ಹೌದು."

ಅಷ್ಟರಲ್ಲಿ ಅವನ ಬಸ್ಸು ಬಂತು. ಕಿರಿಯನ ಭುಜ ತಟ್ಟಿ ಹತ್ತಿಕೊಂಡ. ಕಾಲೇಜಿನ ಕಡೆಯ ಬಸ್ಸಿಗೆ ಕಾಯುತ್ತ ಉಳಿದ ಕಿರಿಯ, ನಿಂತಲ್ಲೇ ಪುಸ್ತಕ ಬಿಚ್ಚಿದ.