ಎರಡೂ ಕೇಬಲ್ ಕೈಯಾಗಿದ್ದವು

ಹಗ್ಗ ಇಲ್ಲದ ಬಾವ್ಯಾಗ ರಾಟಿ ತಾನ ತಿರುಗಿದರ ಏನಾಗಿರಬೇಕು, ಹೇಳ್ರಿ ನೋಡೂಣು. ಗಾಳಿ ಅಂತೀರಿ. ನಾನೂ ಹಂಗ ಅಂದಿದ್ದೆ, ಬಿ.ಎಸ್ಸಿ. ಓದಿದಾಂವ ಮತ್ತೇನಂದಾನು? ಈಗ ಪೆನ್ಶನ್ ಬರ್ತದ, ದೆವ್ವದ ಮಾತಿಗೂ ಪುರುಸೊತ್ತು ಸಿಕ್ಕದ. ಹತ್ರ ಸರೀರಿ, ಹೇಳ್ತೀನಿ.

ನಮ್ಮ ಕಾಕಾನ ಮಗ ಅಮೋಘಸಿದ್ದ ಗಜೇಂದ್ರಗಡದಾಗ ಒಂದು ಖಾಸಗಿ ದವಾಖಾನಿಯ ಕಂಪ್ಯೂಟರ್ ನೋಡಿಕೊಳ್ತಾನ. ಅವತ್ತು ಖಂಡೆಪೂಜಿ, ಅಂದ್ರ ಆಯುಧಪೂಜಿ. ಪೂಜಿ ಮುಗಿಸಿ, ಪ್ರಸಾದದ ಚುರುಮುರಿ ಹಿಡಕೊಂಡು, ರಾತ್ರಿ ನಡಕೋತ ಮನಿಗೆ ಹೊಂಟಿದ್ದ. ದಾರ್ಯಾಗ ಆಲದ ಗಿಡದ ಕೆಳಗ ಒಂದು ಹಳೇ ಬಾವಿ. ಹಿಂದಕ ಅಲ್ಲೇ ನೀರು ಸೇದೂವಾಗ ಗಾಳೆವ್ವ ಅನ್ನೋ ಹೆಣ್ಣಮಗಳು ಬಿದ್ದು, ಕಲ್ಲಿಗೆ ತಲಿ ಬಡದಿತ್ತು. ದವಾಖಾನಿಗೆ ಒಯ್ಯಾಕ ಚಕ್ಕಡಿ ಹೂಡೂದರಾಗ ತಡಾ ಆತು, ದಾರ್ಯಾಗನ ಜೀವ ಹೋತು. ಆವಾಗಿಂದ ಆ ಬಾವಿಗೆ ಹಗ್ಗ ಇಲ್ಲ. ಮ್ಯಾಲ ಕಬ್ಬಿಣದ ಜಾಳಿಗಿ.

ಕಿರ್ರ್... ಕಿರ್ರ್...

ಅಮೋಘಸಿದ್ದ ನಿಂತ. ರಾಟಿ ತಿರುಗಾಕತ್ತಿತ್ತು. ಗಿಡದ ಒಂದು ಎಲಿನೂ ಅಲುಗ್ತಿರಲಿಲ್ಲ... ಅಷ್ಟರಾಗ ಕಿಸೆದಾಗ ಫೋನು ಗುರ್ರ್ ಅಂತು. ರಾಟಿ ನಿಂತು ಹೋತು.

ನರ್ಸ್ ಸಾನಿಯಾ. ಪಿಸುಮಾತು.

"ಸಿದ್ದಣ್ಣಾ, ಲಗೂ ಬಾ. ಲಕ್ಕಲಕಟ್ಟಿ ಊರಿನ ಹುಚ್ಚವ್ವ ಮಾಳಿಗಿ ಮ್ಯಾಲಿಂದ ಬಿದ್ದಾಳ, ತಲೀಗೆ ಪೆಟ್ಟು. ಸ್ಕ್ಯಾನ್ ಹುಬ್ಬಳ್ಳಿಗೆ ಹೋಗವಲ್ದು."

"ಮೊಬೈಲಿನಾಗ ಫೋಟೋ ಹೊಡದ ಕಳಸ್ರಿ."

"ಕಳಸೇವಿ. ಅದರಾಗ ಏನೂ ತಿಳೀವಲ್ದಂತ. ಒಯ್ಯಬೇಕೋ, ಅಲುಗಿಸಬಾರದೋ... ಪೂರಾ ಸ್ಕ್ಯಾನ್ ನೋಡಿದ ಮ್ಯಾಲನ ಹೇಳ್ತಾರಂತ ಅಲ್ಲಿನ ದೊಡ್ಡ ಡಾಕ್ಟರು."

ಓಡಿದ.

ಆ ದವಾಖಾನ್ಯಾಗ ದೊಡ್ಡ ಕಂಪ್ಯೂಟರ್ ಪೆಟ್ಟಿಗಿ ಒಂದ. ಅದರ ಹೊಟ್ಟ್ಯಾಗ ಎರಡು ವರ್ಚುವಲ್ ಮಷೀನು, ಅಂದ್ರ ಕಣ್ಣಿಗೆ ಕಾಣದ ಕಂಪ್ಯೂಟರ್. ಒಂದು ಬಿಲ್ಲಿಂದು, ಒಂದು ಸ್ಕ್ಯಾನಿಂದು. ನಗಬ್ಯಾಡ್ರಿ, ಇದು ದೆವ್ವ ಅಲ್ಲ, ಸೈನ್ಸು. ಪೆಟ್ಟಿಗಿಯಿಂದ ಗ್ವಾಡಿ ಮ್ಯಾಲಿನ ಸ್ವಿಚ್ಚಿಗೆ, ಅಂದ್ರ ನೆಟ್‌ವರ್ಕಿನ ತೂತಿನ ಡಬ್ಬಿಗೆ, ಎರಡು ಕೇಬಲ್. ಜೋಡೆತ್ತು ಹೂಡಿದಂಗ, ಎರಡೂ ಸೇರಿ ಹೊರಗ ಹೋಗಾಕ ಇದ್ದದ್ದು ಒಂದ ದಾರಿ. ಬಿಲ್ಲಿನ ಮಷೀನು ಚಲೋ ನಡದಿತ್ತು. ಸ್ಕ್ಯಾನಿಂದು ಮಾತ್ರ ಮೂಕ.

"ಇದನ್ನ ಯಾರ ಮುಟ್ಟೀರಿ?"

ಕಂಪೌಂಡರ್ ಶಿವನಪ್ಪ ಬಾಗಿಲದಾಗ ನಿಂತಿದ್ದ. "ಪೂಜಿಗೆ ಕೇಬಲ್ ಬಿಚ್ಚಿ, ಒರಸಿ, ಕುಂಕುಮ ಹಚ್ಚಿದ್ನೆಪಾ. ಮತ್ತ ಸಿಗಿಸೇನಿ."

"ಯಾವ ತೂತಿಗೆ?"

"ಹಿಡದದ್ದಕ್ಕ ಸಿಗಿಸೇನಿ. ತೂತಿನ್ಯಾಗೂ ಜಾತಿ ಅದಾವೇನು?"

"ಅದಾವ ಮಾಮಾ. ಒಂದು ಎತ್ತು ನಮ್ಮ ಬಂಡಿಗೆ, ಇನ್ನೊಂದು ಮಂದಿ ಬಂಡಿಗೆ ಕಟ್ಟೀರಿ."

ಜೋಡಿಗಂತ ಇಟ್ಟ ತೂತು ಎರಡ. ಶಿವನಪ್ಪ ಒಂದು ಕೇಬಲ್ ಬಾಜೂದಕ್ಕ ತುರುಕಿದ್ದ. ಬಿಲ್ಲಿನ ಮಾತು ಸರಿ ಇದ್ದ ಕೇಬಲ್ಲಿನಾಗ ಹೋಗ್ತಿತ್ತು, ಸ್ಕ್ಯಾನಿನ ಮಾತೆಲ್ಲ ಈ ತಪ್ಪಿದ ಕೇಬಲ್ಲಿನಾಗ ಹೋಗಿ ಅಲ್ಲೇ ಸಾಯಾಕತ್ತಿತ್ತು. ಯಾವದು ಸರಿ, ಯಾವದು ತಪ್ಪು ನೋಡೂಣಂದ್ರ ನಂಬರಿನ ಮ್ಯಾಲ ಕುಂಕುಮ ಮೆತ್ತಿತ್ತು. ಒರಸಾಕಂತ ಎರಡೂ ಕೇಬಲ್ ಕಿತ್ತ. ಟಕ್... ಟಕ್. ಹಸಿರು ದೀಪ ಎರಡೂ ಆರಿದವು.

ಕಿರ್ರ್... ಕಿರ್ರ್...

ಪೆಟ್ಟಿಗಿ ಹಿಂದ.

"ಫ್ಯಾನೇನು ಅದು?" ಸಾನಿಯಾ ಪಿಸುಗುಟ್ಟಿದಳು.

"ಅಲ್ಲ."

ಶಿವನಪ್ಪ ಬಾಯಾಗ ಏನೋ ಜಪಾ ಮಾಡಾಕತ್ತಿದ್ದ. ಆಚಿ ಖೋಲ್ಯಾಗ ಹುಚ್ಚವ್ವ ಒಂದ ಸವನ ನರಳ್ತಿದ್ದಳು... ಆಗ ಸಾನಿಯಾನ ಫೋನು ಗುರ್ರ್ ಅಂತು. ಹುಬ್ಬಳ್ಳಿ ಡಾಕ್ಟರು.

"ಬಂತು. ತಲ್ಯಾಗ ರಕ್ತ ಹೆಪ್ಪುಗಟ್ಟೇದ. ತಡಾ ಮಾಡಬ್ಯಾಡ್ರಿ, ಈಗಿಂದೀಗ ಹೊಂಡಸ್ರಿ."

"ಸರ... ಏನ್ ಬಂತ್ರಿ?"

"ಪೂರಾ ಸ್ಕ್ಯಾನ್ ಬಂತವಾ, ಮತ್ತೇನು? ಒಂದ ಸಲ ಕಳಸಂದ್ರ ಎರಡೆರಡ ಸಲ ಯಾಕ ಕಳಸೀರಿ?"

ಸಾನಿಯಾ ಹೊಳ್ಳಿ ನೋಡಿದಳು. ಅಮೋಘಸಿದ್ದನ ಎಡಗೈಯಾಗ ಒಂದು ಕೇಬಲ್. ಬಲಗೈಯಾಗ ಒಂದು ಕೇಬಲ್.

ಗಾಡಿ ಹೋತು. ಹುಚ್ಚವ್ವ ಬದುಕಿದಳು. ಮೊನ್ನಿ ನರಗುಂದ ಸಂತ್ಯಾಗ ಸಿಕ್ಕಿದ್ದಳು, ಮೆಣಸಿನಕಾಯಿ ತುಟ್ಟಿ ಅಂತ ಜಗಳಾ ತಗದಿದ್ದಳು. ನಾ ಆ ಮ್ಯಾಲ ಹುಬ್ಬಳ್ಳಿಗೆ ಹೋಗಿ, ಡಾಕ್ಟರ ಕೈಕಾಲು ಹಿಡದು, ಅವರ ಕಂಪ್ಯೂಟರ್ ತಗಿಸಿ ನೋಡಿ ಬಂದೇನಿ. ಸ್ಕ್ಯಾನ್ ಎರಡು ಸಲನ ಅದ. ಸುಳ್ಳು ಹೇಳಿ ನನಗೇನು ಬರೂದೈತ್ರಿ? ಖರೇ ಆಗಿದ್ದು. ತಾರೀಖೂ ಹೇಳ್ತೀನಿ, ಬೇಕಾದ್ರ ಪಂಚಾಂಗ ತಗದ ನೋಡ್ರಿ: ಎರಡು ಸಾವಿರದ ಇಪ್ಪತ್ಮೂರನೇ ಇಸವಿ, ಅಕ್ಟೋಬರ್ ಇಪ್ಪತ್ಮೂರು, ಸೋಮವಾರ.